ಕೊನೆಗಾಲದ ಆರೈಕೆಯ ತರಬೇತಿ: ರಾತ್ರಿ ಪಾಳಿಯವರಿಂದಲೇ ಶುರು ಮಾಡಿ

ಪ್ರಶ್ನೆ: ಚಳ್ಳಕೆರೆ ಸಮೀಪ ನಮ್ಮದು 30 ಹಾಸಿಗೆಯ ಆಸ್ಪತ್ರೆ. ಅದಕ್ಕೆ ಹೊಂದಿಕೊಂಡು ಒಂದು ವೃದ್ಧಾಶ್ರಮವಿದೆ. ದೊಡ್ಡ ಊರಿನ ಆಸ್ಪತ್ರೆಗಳಲ್ಲಿ "ಇನ್ನು ಮನೆಗೆ ಕರ್ಕೊಂಡು ಹೋಗ್ರಿ" ಅನ್ನಿಸಿಕೊಂಡು ಬಂದ ಕ್ಯಾನ್ಸರ್, ಕಿಡ್ನಿ, ಲಕ್ವಾ ರೋಗಿಗಳು ಕೊನೆಗೆ ನಮ್ಮಲ್ಲಿಗೇ ಬರುತ್ತಾರೆ. ಕಳೆದ ವರ್ಷ ಸಿಬ್ಬಂದಿಗೆ ಒಂದು ದಿನದ ಉಪನ್ಯಾಸ ಏರ್ಪಡಿಸಿ ಸರ್ಟಿಫಿಕೇಟ್ ಕೊಟ್ಟೆವು. ವಾರ್ಡಿನಲ್ಲಿ ಏನೂ ಬದಲಾಗಲಿಲ್ಲ. ನರ್ಸ್, ಆಯಾ, ಆಶ್ರಮದ ಕೇರ್‌ಟೇಕರ್ ಎಲ್ಲ ಸೇರಿ 20 ಮಂದಿ ಇದ್ದಾರೆ. ಯಾರಿಗೆ ಏನನ್ನು, ಎಷ್ಟು ಹೊತ್ತು, ಹೇಗೆ ಕಲಿಸಬೇಕು?
(ನರ್ಸಿಂಗ್ ಮೇಲ್ವಿಚಾರಕಿ, ಚಿತ್ರದುರ್ಗ ಜಿಲ್ಲೆ)

ಉತ್ತರ: ವಾರ್ಡು ಬದಲಾಗದಿದ್ದುದಕ್ಕೆ ನಿಮ್ಮ ಸಿಬ್ಬಂದಿಯನ್ನು ದೂರಬೇಡಿ. ಉಪನ್ಯಾಸ ನಡೆಯುವುದು ಹಗಲು ಹನ್ನೊಂದಕ್ಕೆ. ರೋಗಿಗೆ ಏದುಸಿರು ಬಂದು, ಮನೆಯವರು ಗಾಬರಿಯಾಗಿ ವರಾಂಡಕ್ಕೆ ಓಡಿಬರುವುದು ರಾತ್ರಿ ಎರಡಕ್ಕೆ. ಆಗ ಹಾಸಿಗೆಯ ಪಕ್ಕ ಇರುವವರು ಕೆಲಸಕ್ಕೆ ಸೇರಿ ವರ್ಷವೂ ಆಗದ ಒಬ್ಬ ನರ್ಸ್ ಮತ್ತು ಒಬ್ಬ ಆಯಾ. ಉಪನ್ಯಾಸದ ದಿನ ಇವರಿಬ್ಬರೂ ರಾತ್ರಿ ಪಾಳಿ ಮುಗಿಸಿ ನಿದ್ದೆಯಲ್ಲಿರುತ್ತಾರೆ. ಆದ್ದರಿಂದ ಕ್ರಮವನ್ನು ತಿರುಗಿಸಿ: ತರಬೇತಿ ಮೊದಲು ರಾತ್ರಿ ಪಾಳಿಯ ಆಯಾಗಳಿಗೆ, ಆಮೇಲೆ ರಾತ್ರಿ ನರ್ಸ್‌ಗಳಿಗೆ, ಆಮೇಲೆ ಉಳಿದವರಿಗೆ.

ಇನ್ನೊಂದು ಎಚ್ಚರಿಕೆಯನ್ನು ಇಂಗ್ಲೆಂಡಿನ ಅನುಭವದಿಂದ ಪಡೆಯಬೇಕು. 1990ರ ದಶಕದ ಕೊನೆಯಲ್ಲಿ ಅಲ್ಲಿ 'ಲಿವರ್‌ಪೂಲ್ ಕೇರ್ ಪಾಥ್‌ವೇ' ಎಂಬ ಕ್ರಮ ರೂಪುಗೊಂಡಿತು. ಹಾಸ್ಪೈಸ್‌ನಲ್ಲಿ (ಕೊನೆಗಾಲದ ರೋಗಿಗಳಿಗೆಂದೇ ಇರುವ ಆರೈಕೆ ಕೇಂದ್ರ) ಸಿಗುವಂಥ ಆರೈಕೆ ಸಾಮಾನ್ಯ ಆಸ್ಪತ್ರೆಯಲ್ಲೂ ಸಿಗಲಿ ಎಂಬುದು ಉದ್ದೇಶ. ಹಲವು ಆಸ್ಪತ್ರೆಗಳಲ್ಲಿ ಅದು ಟಿಕ್ ಹಾಕುವ ಪಟ್ಟಿಯಾಗಿ ಉಳಿಯಿತು. ಮನೆಯವರಿಗೆ ತಿಳಿಸದೆ ಮಂಪರಿನ ಔಷಧ ಕೊಟ್ಟರು, ಬಾಯಾರಿದವರಿಗೆ ನೀರು ಕೊಡಲಿಲ್ಲ ಎಂಬ ದೂರುಗಳು ಬಂದವು. ಜೂಲಿಯಾ ನ್ಯೂಬರ್ಗರ್ ನೇತೃತ್ವದ ಸಮಿತಿ 2013ರಲ್ಲಿ ವರದಿ ಕೊಟ್ಟ ಮೇಲೆ ಅದನ್ನು ಕೈಬಿಡಲಾಯಿತು. ಕಾಗದದ ಪಟ್ಟಿ ಬಂತು, ಪಟ್ಟಿಯ ಹಿಂದಿನ ತಿಳಿವಳಿಕೆ ಬರಲಿಲ್ಲ. ನೀವೂ ಒಂದು ಚಾರ್ಟ್ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುವುದರಿಂದ ಶುರು ಮಾಡಬೇಡಿ.

ಪಾಠಕ್ಕೂ ಮೊದಲು

ಮೂರು ವ್ಯವಸ್ಥೆ ಇಲ್ಲದೆ ಎಷ್ಟು ಕಲಿಸಿದರೂ ವ್ಯರ್ಥ. ಮೊದಲನೆಯದು ತೀವ್ರ ನೋವಿನ ಔಷಧ ಮಾರ್ಫಿನ್. ಮಾದಕದ್ರವ್ಯ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಮುಂತಾದವು 'ಅಗತ್ಯ ಮಾದಕ ಔಷಧ'ಗಳಾದವು. ಅವನ್ನು ಇಟ್ಟುಕೊಳ್ಳಲು ಸಂಸ್ಥೆಗೆ ರಾಜ್ಯ ಔಷಧ ನಿಯಂತ್ರಕರ ಮಾನ್ಯತೆ ಬೇಕು. ಮಾನ್ಯತೆಗೆ ನೋವು ನಿವಾರಣೆಯಲ್ಲಿ ತರಬೇತಿ ಪಡೆದ ವೈದ್ಯರೊಬ್ಬರು ಇರಲೇಬೇಕು. ಹಾಗಾಗಿ ನಿಮ್ಮ ವೈದ್ಯರೊಬ್ಬರನ್ನೂ ಹಿರಿಯ ನರ್ಸ್ ಒಬ್ಬರನ್ನೂ ಹೊರಗಿನ ತರಬೇತಿಗೆ ಮೊದಲು ಕಳಿಸಿ. ತಿರುವನಂತಪುರದ ಪಾಲಿಯಂ ಇಂಡಿಯಾ, ಕೋಝಿಕ್ಕೋಡ್‌ನ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಲಿಯೇಟಿವ್ ಮೆಡಿಸಿನ್ ಇವೆ (ಪ್ಯಾಲಿಯೇಟಿವ್ ಎಂದರೆ ಗುಣವಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ). ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘದ ಪ್ರಮಾಣಪತ್ರ ಕೋರ್ಸೂ ಇದೆ. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್‌ನಲ್ಲಿ ಕೆಲವು ದಿನ ನಿಂತು ನೋಡಿ ಬಂದರೂ ಕಣ್ಣು ತೆರೆಯುತ್ತದೆ. ರಾಷ್ಟ್ರೀಯ ಪ್ಯಾಲಿಯೇಟಿವ್ ಆರೈಕೆ ಕಾರ್ಯಕ್ರಮ 2012ರಿಂದ ಇದೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದು, ನಿಮ್ಮ ಸುತ್ತಲಿನ ಆಶಾ ಕಾರ್ಯಕರ್ತೆಯರನ್ನೂ ಸಮುದಾಯ ಆರೋಗ್ಯಾಧಿಕಾರಿಗಳನ್ನೂ ಅರ್ಧ ದಿನದ ಪಾಠಕ್ಕೆ ಕಳಿಸಿಕೊಡಲು ಕೇಳಿ. ಮನೆಗೆ ಹೋದ ರೋಗಿಯನ್ನು ಮುಂದೆ ನೋಡುವವರು ಅವರೇ.

ಎರಡನೆಯದು, ಮುಂಚಿತವಾಗಿ ಬರೆದಿಟ್ಟ ಆದೇಶ. ನೋವು ಬಂದರೆ ಯಾವ ಔಷಧ ಎಷ್ಟು, ಉಬ್ಬಸ ಬಂದರೆ ಎಷ್ಟು, ತಳಮಳಕ್ಕೆ ಎಷ್ಟು ಎಂಬುದನ್ನು ವೈದ್ಯರು ಸಂಜೆಯ ರೌಂಡ್ಸ್‌ನಲ್ಲೇ ಕೇಸ್‌ಶೀಟಿನಲ್ಲಿ ಬರೆದು ಸಹಿ ಹಾಕಿರಬೇಕು. ಮೂರನೆಯದು, ರಾತ್ರಿ ಎತ್ತುವ ಒಂದು ಫೋನ್. ಫೋನ್ ಮಾಡಿದ್ದಕ್ಕೆ ಬೈಸಿಕೊಂಡ ನರ್ಸ್ ಮುಂದಿನ ಸಲ ಮಾಡುವುದಿಲ್ಲ. ಬೆಳಗಿನವರೆಗೂ ನರಳುವುದು ರೋಗಿ.

ವೇಳೆ

20 ಮಂದಿಯನ್ನು ಒಟ್ಟಿಗೆ ಕೂರಿಸಲು ನಿಮ್ಮಂಥ ಆಸ್ಪತ್ರೆಗೆ ಆಗದು, ಆಗಲೂಬಾರದು. ವಾರಕ್ಕೊಂದು ತರಗತಿಯಂತೆ ಆರು ವಾರ, ಪ್ರತಿ ತರಗತಿ ಎರಡು ತಾಸಿಗೆ ಸ್ವಲ್ಪ ಕಡಿಮೆ, ಒಂದೇ ಪಾಠ ಎರಡು ಸಲ. ಹಗಲಿನವರಿಗೆ ಮಧ್ಯಾಹ್ನ ಪಾಳಿ ಬದಲಾಗುವಾಗ. ರಾತ್ರಿಯವರಿಗೆ ಸಂಜೆ ಆರರಿಂದ, ಡ್ಯೂಟಿಗೆ ಹೋಗುವ ಮೊದಲು. ರಾತ್ರಿ ಪಾಳಿ ಮುಗಿದ ಮೇಲೆ ಬೆಳಿಗ್ಗೆ ಪಾಠ ಇಡಲೇಬೇಡಿ. ಆಯಾ ಮತ್ತು ಕೇರ್‌ಟೇಕರ್‌ಗಳಿಗೆ ಮೊದಲ ನಾಲ್ಕು ತರಗತಿ ಸಾಕು. ನರ್ಸ್‌ಗಳಿಗೆ ಆರೂ ಬೇಕು, ಜೊತೆಗೆ ಹಿರಿಯರೊಬ್ಬರು ನೋಡುತ್ತಿರುವಾಗ ಹಾಸಿಗೆ ಬಳಿ ಮಾಡಿ ತೋರಿಸುವ ಪರೀಕ್ಷೆ. ಒಂದು ತರಗತಿಯಲ್ಲಿ ಮಾತು 20 ನಿಮಿಷ ದಾಟದಿರಲಿ, ಉಳಿದದ್ದೆಲ್ಲ ಕೈಕೆಲಸ. ತರಗತಿಗೆ ಬಂದ ಹೊತ್ತಿಗೆ ಸಂಬಳ ಕೊಡಿ. ರಜೆಯ ದಿನ ಪುಕ್ಕಟೆ ಕರೆಸಿದ ತರಬೇತಿಯನ್ನು ಯಾರೂ ಮನಸ್ಸಿಟ್ಟು ಕಲಿಯುವುದಿಲ್ಲ.

ಆಯಾ, ಕೇರ್‌ಟೇಕರ್‌ಗಳಿಗೆ

ಇವರಿಗೆ ಕಲಿಸುವ ಕೆಲಸಗಳು ಕೆಲವೇ, ಆದರೆ ರೋಗಿಗೆ ಸುಖ ಕೊಡುವವು ಅವೇ. ಬಾಯಿಯ ಶುದ್ಧಿ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೆರಳಿಗೆ ಸುತ್ತಿದ ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಸಡು, ನಾಲಗೆ, ಕೆನ್ನೆಯ ಒಳಭಾಗ ಒರೆಸಬೇಕು. ಬಾಯಿ ತೆರೆದು ಉಸಿರಾಡುವವರಿಗೆ ಇದನ್ನು ಎರಡು ತಾಸಿಗೊಮ್ಮೆ ಮಾಡಬೇಕು, ರಾತ್ರಿಯೂ ಸೇರಿ. ನಾಲಗೆಯಲ್ಲಿ ಬಿಳಿ ಪದರ ಕಂಡು, ಒರೆಸಿದರೆ ಕೆಂಪಗೆ ರಕ್ತ ಒಸರಿದರೆ ಅದು ಫಂಗಸ್, ನರ್ಸ್‌ಗೆ ಹೇಳಬೇಕು. "ಊಟ ಸೇರ್ತಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಮಗ್ಗುಲು ಬದಲಿಸುವುದು ಎರಡು ತಾಸಿಗೊಮ್ಮೆ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು. ಕೆಂಪಾದ ಚರ್ಮವನ್ನು ತಿಕ್ಕಬಾರದು. ಕೊನೆಯ ಒಂದೆರಡು ದಿನದಲ್ಲಿ ಅಲುಗಾಡಿಸಿದರೆ ನೋವು ಎಂದಾದರೆ, ತಿರುಗಿಸುವ ಅರ್ಧ ತಾಸಿನ ಮೊದಲು ನೋವಿನ ಔಷಧ, ತಿರುಗಿಸುವುದೂ ಕಡಿಮೆ.

ಈ ಭಾಗದಲ್ಲಿ ಎಲೆಅಡಿಕೆ, ತಂಬಾಕು, ಗುಟ್ಕಾದಿಂದ ಬಂದ ಬಾಯಿ ಕ್ಯಾನ್ಸರಿನವರು ನಿಮ್ಮಲ್ಲಿಗೆ ಬಂದೇ ಬರುತ್ತಾರೆ. ಕೆನ್ನೆಯ ಹುಣ್ಣು ನಾರುವುದರಿಂದ ಮನೆಯವರೇ ಹತ್ತಿರ ಸುಳಿಯುವುದಿಲ್ಲ. ಅರ್ಧ ಲೀಟರ್ ಕುದಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ, ಆರಿಸಿ, ಗಾಯ ತೊಳೆದು, ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸುವುದು. ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಅಂಟಿಕೊಂಡ ಬ್ಯಾಂಡೇಜನ್ನು ಒಣಗಿದ್ದಾಗಲೇ ಕೀಳಬಾರದು, ನೆನೆಸಿ ತೆಗೆಯಬೇಕು. ಹುಳು ಬಿದ್ದಿದ್ದರೆ ನರ್ಸ್ ಟರ್ಪಂಟೈನ್‌ನಲ್ಲಿ ಅದ್ದಿದ ಗಾಜ್ ಹಿಡಿದು, ಹೊರಬಂದವನ್ನು ಚಿಮಟದಿಂದ ತೆಗೆಯಬೇಕು. ಕುತ್ತಿಗೆಯ ಹುಣ್ಣಿದ್ದವರ ಹಾಸಿಗೆ ಬಳಿ ಕಡು ಬಣ್ಣದ ಎರಡು ಟವೆಲ್ ಇರಲಿ. ರಕ್ತನಾಳ ಒಡೆದರೆ ಬಿಳಿ ಬಟ್ಟೆಯ ಮೇಲಿನ ರಕ್ತ ನೋಡಿ ರೋಗಿಯೂ ಮನೆಯವರೂ ಪಡುವ ಭಯ ಅಷ್ಟಿಷ್ಟಲ್ಲ.

ಇನ್ನು ನೀರು. ಪ್ರಾಣ ಹೋಗುವಾಗ ಬಾಯಿಗೆ ನೀರು ಬಿಡಬೇಕೆಂಬುದು ನಮ್ಮ ಜನರ ಬಹು ದೊಡ್ಡ ಆಸೆ. ತುಳಸಿ ತೀರ್ಥ ಇರಲಿ, ಝಮ್‌ಝಮ್ ನೀರಿರಲಿ. ಬೇಡ ಎಂದು ತಡೆಯುವ ನರ್ಸ್ ಆ ಮನೆಯವರ ಮನಸ್ಸಿನಲ್ಲಿ ಕಹಿಯಾಗಿ ಉಳಿಯುತ್ತಾಳೆ. ಅರೆಪ್ರಜ್ಞೆಯಲ್ಲಿರುವವರಿಗೆ ಚಮಚದಲ್ಲಿ ಹೊಯ್ದರೆ ಅದು ಶ್ವಾಸನಾಳಕ್ಕಿಳಿದು ಉಸಿರು ಕಟ್ಟುತ್ತದೆ. ಇದಕ್ಕೆ ದಾರಿ: ತಲೆ ಪಕ್ಕಕ್ಕೆ ವಾಲಿಸಿ, ಹತ್ತಿಯನ್ನು ಆ ನೀರಿನಲ್ಲಿ ಅದ್ದಿ, ತುಟಿ ಮತ್ತು ನಾಲಗೆಯ ತುದಿಯನ್ನು ಒದ್ದೆ ಮಾಡಿಸುವುದು. ಮಗನ ಕೈಯಿಂದಲೇ ಮಾಡಿಸಿ. ಈ ಒಂದು ಕೆಲಸವನ್ನು ಪ್ರತಿ ಆಯಾಳೂ ತರಗತಿಯಲ್ಲಿ ಮಾಡಿ ತೋರಿಸಬೇಕು.

ನರ್ಸ್‌ಗಳಿಗೆ: ನೋವು ಮತ್ತು ಮಾರ್ಫಿನ್

"ಹತ್ತರಲ್ಲಿ ಎಷ್ಟು ನೋವು?" ಎಂದರೆ ಶಾಲೆ ಕಾಣದ ಅಜ್ಜಿಗೆ ಅರ್ಥವಾಗದು. "ರೂಪಾಯಿಗೆ ಎಷ್ಟಾಣೆ ಐತೆ?" ಎಂದು ಕೇಳಿಸಿ. ನಾಕಾಣೆ, ಎಂಟಾಣೆ, ಹನ್ನೆರಡಾಣೆ ಎಂದು ಉತ್ತರ ಬರುತ್ತದೆ. ಅದನ್ನೇ ಚಾರ್ಟಿನಲ್ಲಿ ಬರೆಯಿರಿ. ಚಳ್ಳಕೆರೆ, ಮೊಳಕಾಲ್ಮುರು ಕಡೆ ತೆಲುಗಿನವರೂ ಇದ್ದಾರೆ, ಪೇಟೆಯಲ್ಲಿ ಉರ್ದು. ನೋವಿನ ನಾಲ್ಕು ಮಾತು ಆ ಭಾಷೆಗಳಲ್ಲೂ ಕಲಿತಿರಲಿ. ಉರಿ, ಕರೆಂಟ್ ಹೊಡೆದಂತೆ, ಸೂಜಿ ಚುಚ್ಚಿದಂತೆ ಎಂದರೆ ಅದು ನರದ ನೋವು; ಮಾರ್ಫಿನ್ ಒಂದೇ ಸಾಲದು, ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಾಪೆಂಟಿನ್ ಸೇರಿಸಲು ವೈದ್ಯರಿಗೆ ಹೇಳಬೇಕು.

ಮಾರ್ಫಿನ್‌ಗೆ ಪೂರ್ತಿ ಎರಡು ತರಗತಿ ಕೊಡಿ. ಭಯವೆಲ್ಲ ಇಲ್ಲಿಯೇ ಇದೆ, ತಪ್ಪುಗಳೂ ಇಲ್ಲಿಯೇ. ಮೊದಲ ಸಲ ತೆಗೆದುಕೊಳ್ಳುವ ವಯಸ್ಕರಿಗೆ ವೈದ್ಯರು ಸಾಮಾನ್ಯವಾಗಿ 5 ಮಿ.ಗ್ರಾಂ., ಬಡಕಲಾದ ವೃದ್ಧರಿಗೆ 2.5 ಮಿ.ಗ್ರಾಂ. ನಾಲ್ಕು ತಾಸಿಗೊಮ್ಮೆ ಬರೆಯುತ್ತಾರೆ. ವೇಳೆ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿ ಹತ್ತರದು ಎರಡು ಪಟ್ಟು, ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು. ನಡುವೆ ನೋವು ತಲೆ ಎತ್ತಿದರೆ ನಾಲ್ಕು ತಾಸಿನ ಪ್ರಮಾಣದಷ್ಟೇ ಇನ್ನೊಂದು ಸಲ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹೀಗೆ ಬೇಕಾದರೆ ಮೂಲ ಪ್ರಮಾಣವೇ ಕಡಿಮೆ ಎಂದರ್ಥ, ವೈದ್ಯರು ಶೇ. 30ರಿಂದ 50ರಷ್ಟು ಏರಿಸುತ್ತಾರೆ. "ನೋವು ಬಂದಾಗ ಕೊಡಿ" ಎಂದಷ್ಟೇ ಬರೆದ ಆದೇಶವನ್ನು ನರ್ಸ್ ಒಪ್ಪದೆ ವೇಳೆ ಬರೆಸಿಕೊಳ್ಳಬೇಕು.

ಮಾರ್ಫಿನ್ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಮಲಬದ್ಧತೆಯಿಂದ. ಮೊದಲ ದಿನದಿಂದಲೇ ರಾತ್ರಿ ಬಿಸಾಕೊಡಿಲ್ 10 ಮಿ.ಗ್ರಾಂ. ಕೊಡದಿದ್ದರೆ ನಾಲ್ಕನೇ ದಿನ ಹೊಟ್ಟೆ ಉಬ್ಬಿ, "ಮಾತ್ರೆ ಒಗ್ಗಲಿಲ್ಲ" ಎಂದು ಮನೆಯವರೇ ನಿಲ್ಲಿಸುತ್ತಾರೆ. ವಾಕರಿಕೆ ಮೊದಲ ವಾರದ ಮಾತು, ಮೆಟೊಕ್ಲೊಪ್ರಮೈಡ್ ಬರೆಸಿಕೊಳ್ಳಿ. ಮಂಪರು ಎರಡು ಮೂರು ದಿನ, ಎಷ್ಟೋ ರಾತ್ರಿಗಳ ನಿದ್ದೆಯ ಬಾಕಿಯೂ ಅದರಲ್ಲಿದೆ. ಕಿಡ್ನಿ ಸೋತವರಲ್ಲಿ ಮಾತ್ರ ಔಷಧ ದೇಹದಲ್ಲಿ ಉಳಿದು ಕೈಕಾಲು ಅದುರುವುದು, ಗಲಿಬಿಲಿ ಕಾಣುತ್ತದೆ. ಪ್ರಮಾಣ ಇಳಿಸಬೇಕು, ಅಂತರ ಹೆಚ್ಚಿಸಬೇಕು. ಉಸಿರು ನಿಮಿಷಕ್ಕೆ 8ಕ್ಕಿಂತ ಇಳಿದು, ಅಲುಗಿಸಿದರೂ ಕಣ್ಣು ಬಿಡದಿದ್ದರೆ ಮುಂದಿನ ಡೋಸ್ ತಡೆದು ತಕ್ಷಣ ಫೋನ್. ನೋವಿಗೆ ತಕ್ಕಂತೆ ಹಂತಹಂತವಾಗಿ ಏರಿಸಿದವರಲ್ಲಿ ಇದು ಅಪರೂಪ ಎಂಬುದನ್ನೂ ಹೇಳಿಕೊಡಿ, ಇಲ್ಲದಿದ್ದರೆ ಹೆದರಿಕೆಯೇ ಉಳಿದುಬಿಡುತ್ತದೆ.

ನಮ್ಮ ಕಡೆ ರೂಢಿಯಲ್ಲಿರುವ ಎರಡು ತಪ್ಪುಗಳನ್ನು ಹೆಸರಿಟ್ಟೇ ಹೇಳಬೇಕು. ಮಾರ್ಫಿನ್ ತೆಗೆದುಕೊಳ್ಳುತ್ತಿರುವವರಿಗೆ ಇನ್ನೊಂದು ನೋವಿನ ಔಷಧವಾದ ಪೆಂಟಜೋಸಿನ್ ಇಂಜೆಕ್ಷನ್ ಕೊಟ್ಟರೆ ಅದು ಮಾರ್ಫಿನ್‌ನ ಕೆಲಸವನ್ನೇ ತಡೆದು ನೋವು ಮರಳಿಸುತ್ತದೆ. ಫೆಂಟನಿಲ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನೋವಿನ ಔಷಧದ ಪಟ್ಟಿ) ಹಚ್ಚಿದ ಮೇಲೆ ಪರಿಣಾಮಕ್ಕೆ ಅರ್ಧ ದಿನವಾದರೂ ಬೇಕು. ತುರ್ತು ನೋವಿಗೆ ಅದು ಅಲ್ಲ. ಪ್ಯಾಚ್ ಮೇಲೆ ಬಿಸಿನೀರಿನ ಚೀಲ ಇಟ್ಟರೆ, ಜ್ವರ ಏರಿದರೆ, ಔಷಧ ಬೇಗ ಒಳಗಿಳಿದು ಅಪಾಯವಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಶೀಟಿನ ಮನೆಗೆ ಕಳಿಸುವಾಗ ಇದನ್ನು ಎರಡು ಸಲ ಹೇಳಿ.

ನುಂಗಲಾಗದವರಿಗೆ ಚರ್ಮದಡಿಯ ದಾರಿ. 23 ಅಥವಾ 24 ಗೇಜಿನ ಬಟರ್‌ಫ್ಲೈ ಸೂಜಿಯನ್ನು ಕೊರಳೆಲುಬಿನ ಕೆಳಗೆ, ಹೊಟ್ಟೆ ಅಥವಾ ತೊಡೆಯ ಚರ್ಮದಡಿ ಓರೆಯಾಗಿ ಹಾಕಿ, ಪಾರದರ್ಶಕ ಪಟ್ಟಿ ಅಂಟಿಸಿ, ತಾರೀಖು ಬರೆಯುವುದು. ಊದಿಕೊಂಡ ಕಾಲಿಗೆ ಬೇಡ. ಕೆಂಪಾದರೆ, ಗಟ್ಟಿಯಾದರೆ ಜಾಗ ಬದಲಿಸಿ. ಪ್ರತಿ ಔಷಧದ ನಂತರ ಅರ್ಧ ಮಿ.ಲೀ. ಸಲೈನ್ ತಳ್ಳದಿದ್ದರೆ ಔಷಧ ನಳಿಕೆಯಲ್ಲೇ ನಿಲ್ಲುತ್ತದೆ. ನಾಲ್ಕು ಇಂಜೆಕ್ಷನ್ ರಾತ್ರಿಗೆ ಕೈಗೆ ಸಿಗುವಂತೆ, ಆದರೆ ಬೀಗದೊಳಗೆ ಇರಲಿ: ನೋವಿಗೂ ಏದುಸಿರಿಗೂ ಮಾರ್ಫಿನ್ 2.5 ಮಿ.ಗ್ರಾಂ. (ಮೊದಲ ಸಲ ಪಡೆಯುವ ರೋಗಿಗೆ), ತಳಮಳಕ್ಕೆ ಮಿಡಾಜೊಲಾಮ್ 2.5 ಮಿ.ಗ್ರಾಂ., ವಾಂತಿ ಮತ್ತು ಭ್ರಮೆಗೆ ಹ್ಯಾಲೊಪೆರಿಡಾಲ್ 0.5ರಿಂದ 1 ಮಿ.ಗ್ರಾಂ., ಗಂಟಲ ಗೊರಗೊರಕ್ಕೆ ಹಯೊಸಿನ್ ಬ್ಯುಟೈಲ್‌ಬ್ರೋಮೈಡ್ 20 ಮಿ.ಗ್ರಾಂ. ಮಾರ್ಫಿನ್ ಆಂಪ್ಯೂಲ್ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಇರುವುದೂ ಇದೆ, 15 ಇರುವುದೂ ಇದೆ. ಎರಡನ್ನೂ ಎದುರಿಗಿಟ್ಟು 2.5 ಮಿ.ಗ್ರಾಂ. ಎಂದರೆ ಎಷ್ಟು ಎಂದು ಪ್ರತಿಯೊಬ್ಬರಿಂದ ಲೆಕ್ಕ ಹಾಕಿಸಿ, ಸಿರಿಂಜಿನಲ್ಲಿ ನೀರು ಎಳೆಸಿ ನೋಡಿ. ಬಾಯಿಯ ಮಾರ್ಫಿನ್ ಚರ್ಮದಡಿಗೆ ಬದಲಾದಾಗ ಪ್ರಮಾಣ ಅರ್ಧವಾಗಬೇಕು. ಅಷ್ಟೇ ಕೊಟ್ಟರೆ ಅದು ಎರಡು ಪಟ್ಟು.

ಏದುಸಿರಿಗೆ ಔಷಧದ ಜೊತೆ ಬೆನ್ನು ಎತ್ತರಿಸಿ, ಮುಖಕ್ಕೆ ಫ್ಯಾನ್ ಗಾಳಿ ಬೀಳುವಂತೆ ಮಾಡಿ, ಸುತ್ತ ನೆರೆದವರನ್ನು ಸರಿಸಿ. ಆಮ್ಲಜನಕದ ಮಟ್ಟ ಸರಿಯಿದ್ದವರಿಗೆ ಮಾಸ್ಕ್ ಹಾಕುವುದರಿಂದ ಬಾಯಿ ಒಣಗುತ್ತದೆ, ಮಾತು ನಿಲ್ಲುತ್ತದೆ, ಅಷ್ಟೇ.

ಮಾತಿನ ಅಭ್ಯಾಸ

ಮೂವರ ಗುಂಪು ಮಾಡಿ: ಒಬ್ಬರು ರೋಗಿಯ ಮಗ, ಒಬ್ಬರು ನರ್ಸ್, ಮೂರನೆಯವರು ಬರೀ ನೋಡುವವರು. ಹತ್ತು ನಿಮಿಷಕ್ಕೊಮ್ಮೆ ಪಾತ್ರ ಬದಲು. ಮೂರು ಸನ್ನಿವೇಶ ಸಾಕು, ಆದರೆ ಮತ್ತೆ ಮತ್ತೆ.

"ಅಪ್ಪಂಗೆ ಮಾತ್ರ ಹೇಳ್ಬ್ಯಾಡ್ರಿ ಸಿಸ್ಟರ್." ಕಾಯಿಲೆಯವರಿಗೆ ತಿಳಿಯುವುದು ಅವರ ಹಕ್ಕು ಎಂದು ವಾದಕ್ಕಿಳಿದರೆ ಮಗ ದೂರವಾಗುತ್ತಾನೆ. ಸರಿ ಎಂದು ಮಾತು ಕೊಟ್ಟರೆ ಅಪ್ಪ ಒಂಟಿಯಾಗುತ್ತಾನೆ. "ಹೇಳಿದ್ರೆ ಏನಾಗ್ತದೆ ಅಂತ ಹೆದರಿಕೆ ನಿಮಗೆ?" ಎಂದು ಕೇಳಿಸಿ. ನಂತರ, "ನಾವಾಗಿ ಏನೂ ಹೇಳಲ್ಲ. ಅವರೇ ಕೇಳಿದ್ರೆ ಸುಳ್ಳೂ ಹೇಳಲ್ಲ. ಏನೇನು ಕೇಳ್ತಾರೆ ಅಂತ ನಿಮಗೂ ತಿಳಿಸ್ತೀವಿ." ಎಷ್ಟೋ ಅಪ್ಪಂದಿರಿಗೆ ಗೊತ್ತೇ ಇರುತ್ತದೆ, ಮಗನಿಗೆ ನೋವಾದೀತೆಂದು ಅವರೂ ಸುಮ್ಮನಿರುತ್ತಾರೆ.

"ಇನ್ನೆಷ್ಟು ದಿನ?" ಎಂಬುದಕ್ಕೆ ಸಂಖ್ಯೆ ಹೇಳಬಾರದು, ದೇವರ ಇಚ್ಛೆ ಎಂದು ಜಾರಿಕೊಳ್ಳಲೂಬಾರದು. ಬದಲಾವಣೆ ವಾರದಿಂದ ವಾರಕ್ಕೆ ಕಾಣುತ್ತಿದ್ದರೆ ವಾರಗಳು, ದಿನದಿಂದ ದಿನಕ್ಕಾದರೆ ದಿನಗಳು, ತಾಸಿನಿಂದ ತಾಸಿಗಾದರೆ ತಾಸುಗಳು. "ಪುಣೆಯಲ್ಲಿರೋ ಮಗಳು ಬರಬೇಕು ಅಂದ್ರೆ ಈಗಲೇ ಕರೆಸಿ" ಎಂಬ ಮಾತು ಮನೆಯವರಿಗೆ ಸಂಖ್ಯೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಇದನ್ನು ಹೇಳಲು ನರ್ಸ್‌ಗೆ ಲಕ್ಷಣ ಗೊತ್ತಿರಬೇಕು: ಪೂರ್ತಿ ಹಾಸಿಗೆ ಹಿಡಿಯುವುದು, ಗುಟುಕು ನೀರಷ್ಟೇ ಇಳಿಯುವುದು, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗಿ ಮೊಣಕಾಲ ಮೇಲೆ ನೀಲಿ ಮಚ್ಚೆ ಮೂಡುವುದು, ಉಸಿರು ನಿಂತು ನಿಂತು ಬರುವುದು, ಕೊನೆಗೆ ದವಡೆ ಆಡಿಸಿ ಉಸಿರೆಳೆಯುವುದು.

"ಒಂದು ಗ್ಲೂಕೋಸ್ ಆದ್ರೂ ಹಾಕ್ರಿ." ಈ ಬೇಡಿಕೆಯಲ್ಲಿರುವುದು ಹಸಿದು ಹೋದರೆಂಬ ಅಪವಾದದ ಭಯ. ದೇಹ ನಿಲ್ಲುತ್ತಿರುವುದರಿಂದ ಹಸಿವು ಹೋಗಿದೆ, ಹಾಕಿದ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿದು ಉಬ್ಬಸ ಹೆಚ್ಚಿಸುತ್ತದೆ ಎಂದು ನಿಧಾನವಾಗಿ ವಿವರಿಸಬೇಕು. ವೈದ್ಯರು ಒಪ್ಪಿದರೆ ರಾತ್ರಿಯಿಡೀ ಚರ್ಮದಡಿ 500 ಮಿ.ಲೀ. ಸಲೈನ್ ಕೊಟ್ಟು ನೋಡಿ, ಊತ ಅಥವಾ ಗೊರಗೊರ ಹೆಚ್ಚಿದರೆ ಅವರಿಗೇ ತೋರಿಸಿ ನಿಲ್ಲಿಸಬಹುದು.

ಕಾನೂನಿಗೆ ಅರ್ಧ ತಾಸು ಸಾಕು. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಘನತೆಯ ಸಾವಿನ ಹಕ್ಕನ್ನೂ ಮುಂಗಡ ಉಯಿಲನ್ನೂ (ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಒಪ್ಪಿತು. 2023ರ ಜನವರಿಯಲ್ಲಿ ಕ್ರಮವನ್ನು ಸರಳ ಮಾಡಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಕರ್ನಾಟಕ 2025ರ ಜನವರಿ ಕೊನೆಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು. ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದನ್ನು ವೈದ್ಯರ ಎರಡು ಮಂಡಳಿಗಳು ತೀರ್ಮಾನಿಸುತ್ತವೆ. ನರ್ಸ್‌ನ ಕೆಲಸ ದಾಖಲಾಗುವಾಗ ಅಂಥ ಪತ್ರವಿದೆಯೇ ಎಂದು ಕೇಳಿ, ಪ್ರತಿ ಇಟ್ಟುಕೊಂಡು, ವೈದ್ಯರಿಗೆ ತಿಳಿಸುವುದು. ಹೃದಯ ನಿಂತರೆ ಎದೆ ಒತ್ತಬೇಡಿ ಎಂಬ ಬಾಯಿಮಾತಿನ ಆದೇಶವನ್ನು ಮಾತ್ರ ಯಾರೂ ಒಪ್ಪಿಕೊಳ್ಳಬಾರದು. ಅದು ಬರಹದಲ್ಲೇ ಇರಬೇಕು.

ಸಾವಿನ ನಂತರದ ತಾಸು

ಇಲ್ಲಿ ಆಗುವ ಒರಟುತನ ಮನೆತನಗಳಲ್ಲಿ ವರ್ಷಗಟ್ಟಲೆ ನೆನಪಿರುತ್ತದೆ. ಲಿಂಗಾಯತರಲ್ಲಿ ದೇಹವನ್ನು ಕೂರಿಸುವ ಪದ್ಧತಿ ಇದೆ. ಸಿಬ್ಬಂದಿ ಅಭ್ಯಾಸಬಲದಿಂದ ಕಾಲು ನೀಡಿಸಿ ಕಟ್ಟಿಬಿಟ್ಟರೆ, ಎರಡು ಮೂರು ತಾಸಿನಲ್ಲಿ ದೇಹ ಸೆಟೆಯತೊಡಗಿ ಕೂರಿಸುವುದು ಕಷ್ಟ. ಆದ್ದರಿಂದ ಕೈ ಹಚ್ಚುವ ಮೊದಲೇ ಕೇಳಬೇಕು. ಕೊರಳಿನ ಇಷ್ಟಲಿಂಗವನ್ನು ಕೇಳದೆ ತೆಗೆಯಬಾರದು. ಮುಸ್ಲಿಮರು ಬೇಗ ದಫನ್ ಮಾಡಬೇಕಾದ್ದರಿಂದ ಮರಣ ಕಾರಣದ ಪ್ರಮಾಣಪತ್ರವನ್ನು ಬೆಳಗಿನ ಕಚೇರಿ ವೇಳೆಗೆ ಕಾಯಿಸಬಾರದು. ಆಸ್ಪತ್ರೆಯಲ್ಲಾದ ಸಾವಿಗೆ ನಮೂನೆ 4, ಮನೆಯಲ್ಲಾದದ್ದಕ್ಕೆ 4ಎ, ನೋಂದಣಿ 21 ದಿನದೊಳಗೆ. ನೇತ್ರದಾನಕ್ಕೆ ಒಪ್ಪಿದ್ದರೆ ಆರು ತಾಸಿನೊಳಗೆ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು ಫ್ಯಾನ್ ಆರಿಸಿ. ಹೊಸ ನರ್ಸ್ ತನ್ನ ಮೊದಲ ಸಾವನ್ನು ಒಬ್ಬಳೇ ನೋಡದಂತೆ ಪಾಳಿ ಹಾಕಿ. ಮರುದಿನ ಹದಿನೈದು ನಿಮಿಷ ಕೂರಿಸಿ ಮಾತಾಡಿಸಿ.

ಕಲಿತರೋ ಇಲ್ಲವೋ ನೋಡಲು ಪ್ರಶ್ನೆಪತ್ರಿಕೆ ಬೇಡ. ತರಬೇತಿಗೆ ಮೊದಲು ತೀರಿಕೊಂಡ ಹತ್ತು ಮಂದಿಯ ಕೇಸ್‌ಶೀಟ್, ಮೂರು ತಿಂಗಳ ನಂತರದ ಹತ್ತು ಮಂದಿಯದು ಎರಡನ್ನೂ ಮುಂದಿಟ್ಟುಕೊಳ್ಳಿ. ನೋವನ್ನು ಅಳೆದು ಬರೆದಿದೆಯೇ, ಮಾರ್ಫಿನ್ ಜೊತೆ ಬಿಸಾಕೊಡಿಲ್ ಇದೆಯೇ, ರಾತ್ರಿಯ ಔಷಧವನ್ನು ಮೊದಲೇ ಬರೆದಿತ್ತೇ, ರಾತ್ರಿ ಬಾಯಿ ಶುದ್ಧಿಯ ಗುರುತಿದೆಯೇ, ಮನೆಯವರಿಗೆ ಮುಂಚೆ ತಿಳಿಸಿದ್ದು ದಾಖಲಾಗಿದೆಯೇ ಎಂದು ನೋಡಿ. ನರ್ಸ್‌ಗಳು ಕೆಲಸ ಬದಲಿಸುತ್ತಲೇ ಇರುತ್ತಾರೆ. ಆದ್ದರಿಂದ ನಿಮ್ಮಲ್ಲೇ ನೆಲೆಸಿರುವ ಒಬ್ಬ ನರ್ಸ್ ಮತ್ತು ಒಬ್ಬ ಹಿರಿಯ ಆಯಾ ಇಬ್ಬರನ್ನು ಕಲಿಸುವವರನ್ನಾಗಿ ಮಾಡಿ. ಹೊಸದಾಗಿ ಸೇರಿದವರನ್ನು ಮೊದಲ ನಾಲ್ಕು ತರಗತಿ ಮುಗಿಯುವವರೆಗೆ ರಾತ್ರಿ ಪಾಳಿಗೆ ಒಬ್ಬರನ್ನೇ ಹಾಕಬೇಡಿ.